ಪತ್ರ ಏಕೆ ಬರುತ್ತಿಲ್ಲ ಎಂದು ಹೇಳುವ ಆ್ಯಪ್: ಆಂಡ್ರಾಯ್ಡ್ ಥಂಡರ್‌ಬರ್ಡ್

ಇಮೇಲ್ ಬಾರದ ದಿನ, ಯಾರೂ ಬರೆದಿಲ್ಲವೋ ಅಥವಾ ಫೋನಿನಲ್ಲಿ ಖಾತೆಯ ಸೈನ್ ಇನ್ ಕಳಚಿಹೋಗಿದೆಯೋ ಎಂಬುದು ಇನ್‌ಬಾಕ್ಸ್ ನೋಡಿದರೆ ತಿಳಿಯುವುದಿಲ್ಲ; ಎರಡೂ ಸಂದರ್ಭಗಳಲ್ಲಿ ಕಾಣುವುದು ನಿನ್ನೆಯ ಪತ್ರಗಳೇ. ನಾನು ಹಿಂದೆ ಬಳಸುತ್ತಿದ್ದ ಬೇರೊಂದು ಆ್ಯಪ್‌ನಲ್ಲಿ, ಪಾಸ್‌ವರ್ಡ್ ಬದಲಿಸಿದ ಬಳಿಕ ಹನ್ನೊಂದು ದಿನ ಹೀಗೆಯೇ ಕಳೆದವು. ಮತ್ತೆ ಸೈನ್ ಇನ್ ಆಗಬೇಕೆಂಬ ಸೂಚನೆ ಅದರಲ್ಲಿ ಇರಲಿಲ್ಲವೆಂದಲ್ಲ, ಮೆನು ತೆರೆದು ಖಾತೆಯ ಹೆಸರನ್ನು ಒತ್ತಿದವರಿಗೆ ಮಾತ್ರ ಅದು ಕಾಣುತ್ತಿತ್ತು. ನಾನು ಒತ್ತುವ ಹೊತ್ತಿಗೆ ಲೇಖನವೊಂದರ ಕರಡು ತಿದ್ದಿ ಕಳಿಸುವ ಗಡುವು ದಾಟಿತ್ತು.

ಅನಂತರ ಥಂಡರ್‌ಬರ್ಡ್ ಎಂಬ ಇಮೇಲ್ ಆ್ಯಪ್‌ಗೆ ಬಂದೆ. 2022ರಲ್ಲಿ ಥಂಡರ್‌ಬರ್ಡ್ ಬಳಗವನ್ನು ಸೇರಿದ ಕೆ-9 ಮೇಲ್ ಎಂಬ ಹಳೆಯ ಮುಕ್ತ ತಂತ್ರಾಂಶದ ತಳಹದಿಯ ಮೇಲೆ ಕಟ್ಟಿದ ಇದು 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಸರ್ವರ್ ನಮ್ಮ ಗುರುತನ್ನು ಒಪ್ಪದಿದ್ದಾಗ ಇದು ಸುಮ್ಮನಿರದೆ ಫೋನಿನ ಅಧಿಸೂಚನೆಗಳ ಸಾಲಿನಲ್ಲಿಯೇ ಖಾತೆಯ ಹೆಸರು ಹಿಡಿದು ಹೇಳುತ್ತದೆ. ಒತ್ತಿದರೆ ಸಂಬಂಧಪಟ್ಟ ಸೆಟ್ಟಿಂಗ್ ತೆರೆಯುತ್ತದೆ. ನಾಲ್ಕು ಖಾತೆ ಇಟ್ಟುಕೊಂಡಿರುವ ನನ್ನಂಥವರಿಗೆ ಆ ಹೆಸರೇ ಮುಖ್ಯ. ಖಾತೆಗೆ ನಮಗೆ ಬೇಕಾದ ಹೆಸರಿಡಬಹುದಾದ್ದರಿಂದ ಅಮ್ಮನ ಫೋನಿನಲ್ಲಿ ‘ಪಿಂಚಣಿ ಮೇಲ್’ ಎಂದೇ ಇಟ್ಟಿದ್ದೇನೆ.

ಇಂಥ ಎಚ್ಚರಿಕೆ ಅಪರೂಪಕ್ಕೊಮ್ಮೆ ಬೇಕಾಗುವ ಸಂಗತಿಯಲ್ಲ. ಜಿಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಇಮೇಲ್ ಆ್ಯಪ್‌ಗಳಿಗೆ ಹಿಂದೆ ಕೊಟ್ಟ ಅನುಮತಿಯ ಟೋಕನ್, ಅಂದರೆ ಪಾಸ್‌ವರ್ಡ್‌ನ ಬದಲು ಆ್ಯಪ್ ತೋರಿಸುವ ಡಿಜಿಟಲ್ ಚೀಟಿ, ರದ್ದಾಗುತ್ತದೆ. ಆರು ತಿಂಗಳು ಬಳಸದೆ ಬಿಟ್ಟರೂ ಅದು ಸಾಯುತ್ತದೆ. ಕಪಾಟಿನಲ್ಲಿ ಮಲಗಿದ್ದ ಹಳೆಯ ಫೋನನ್ನು ಎಬ್ಬಿಸಿದಾಗ ಖಾತೆ ಮುನಿಸಿಕೊಂಡಂತೆ ವರ್ತಿಸುವುದಕ್ಕೆ ಇದೂ ಒಂದು ಕಾರಣ.

ಸುರಕ್ಷತೆಯ ದೃಷ್ಟಿಯಿಂದಲೂ ಎಚ್ಚರಿಕೆ ಬರುವ ಜಾಗವನ್ನು ಗಮನಿಸಬೇಕು. ‘ನಿಮ್ಮ ಖಾತೆ ಇಂದೇ ಮುಚ್ಚಲಿದೆ, ಕೂಡಲೇ ಸೈನ್ ಇನ್ ಮಾಡಿ’ ಎನ್ನುವ ವಂಚಕರ ಪತ್ರ ಬರುವುದು ಇನ್‌ಬಾಕ್ಸಿಗೆ. ಆದರೆ ಸೈನ್ ಇನ್ ನಿಜವಾಗಿಯೂ ತಪ್ಪಿದ ಖಾತೆಗೆ ಆ ಆ್ಯಪ್‌ನಲ್ಲಿ ಹೊಸ ಪತ್ರವೇ ಇಳಿಯುವುದಿಲ್ಲ! ಆದ್ದರಿಂದ ಆ ಮಾತನ್ನು ಆ್ಯಪ್ ಹೇಳಬೇಕೇ ಹೊರತು ಪತ್ರವಲ್ಲ. ಗೂಗಲ್ ಖಾತೆಯ ಅನುಮತಿಗಾಗಿ ಥಂಡರ್‌ಬರ್ಡ್ ಬ್ರೌಸರ್ ಪುಟವನ್ನೇ ತೆರೆಯುವುದರಿಂದ, ಪಾಸ್‌ವರ್ಡ್ ಬರೆಯುವ ಮುನ್ನ ಆ ಪುಟದ ವಿಳಾಸವನ್ನು ಓದಿ ನೋಡಲೂ ಸಾಧ್ಯ.

ಕೊರತೆಗಳೂ ಇವೆ. ದೃಢೀಕರಣ ವಿಫಲವಾಗಿದೆ, ಸರ್ವರ್ ಸೆಟ್ಟಿಂಗ್ ಸರಿಪಡಿಸಿ ಎಂಬ ಅರ್ಥದ ಒಕ್ಕಣೆ ಎಂಜಿನಿಯರುಗಳ ಭಾಷೆಯದು; ಅಮ್ಮನಿಗೆ ಅದರಿಂದ ಗಾಬರಿಯಾದೀತೇ ವಿನಾ ದಾರಿ ತಿಳಿಯದು. ಅದಕ್ಕಿಂತ ದೊಡ್ಡ ತೊಡಕೆಂದರೆ, 2017ರ ಆಂಡ್ರಾಯ್ಡ್ 8ರಿಂದ ಅಧಿಸೂಚನೆಗಳು ಚಾನೆಲ್‌ಗಳಾಗಿ, ಅಂದರೆ ಒಂದೊಂದನ್ನೂ ಪ್ರತ್ಯೇಕವಾಗಿ ನಿಲ್ಲಿಸಬಹುದಾದ ವಿಭಾಗಗಳಾಗಿ, ವಿಂಗಡಣೆಗೊಂಡಿದ್ದು, ಈ ಎಚ್ಚರಿಕೆ ಹೊಸ ಪತ್ರಗಳ ಚಾನೆಲ್‌ನಲ್ಲಿರದೆ ‘ಇತರೆ’ ಎಂಬಂಥ ಹೆಸರಿನ ಚಾನೆಲ್‌ನಲ್ಲಿದೆ. ಫೋನಿನ ಗದ್ದಲ ತಗ್ಗಿಸಲು ಹೊರಟವರು ಮೊದಲು ಆಫ್ ಮಾಡುವುದು ಅಂಥ ಹೆಸರಿನದನ್ನೇ. ಆಂಡ್ರಾಯ್ಡ್ 13ರಿಂದ ಈಚೆಗೆ, ಅಧಿಸೂಚನೆ ತೋರಿಸಲು ಆ್ಯಪ್ ಅನುಮತಿ ಕೇಳಿದಾಗ ‘ಬೇಡ’ ಎಂದವರಿಗಂತೂ ಈ ಎಚ್ಚರಿಕೆಯೂ ತಲುಪುವುದಿಲ್ಲ. ಅಮ್ಮನ ಫೋನಿನಲ್ಲಿ ಹೊಸ ಪತ್ರದ ಸದ್ದನ್ನು ಆಫ್ ಮಾಡಿದ್ದೇನೆ, ‘ಇತರೆ’ಯನ್ನು ಮುಟ್ಟಿಲ್ಲ.