ಸೀಲಿಯಾಕ್ ರಿಪೋರ್ಟ್ ಅರ್ಧಂಬರ್ಧ ಬಂದಾಗ ಎಚ್‌ಎಲ್‌ಎ ಜೀನ್ ಟೆಸ್ಟ್ ಮಾಡಿಸ್ಬೇಕಾ? ನನ್ನ ರಿವ್ಯೂ, 5ಕ್ಕೆ 3.5

ಮೊದ್ಲೇ ಹೇಳ್ಬಿಡ್ತೀನಿ, ಈ ಟೆಸ್ಟು ನಿಮಗೆ ಸೀಲಿಯಾಕ್ (ಗೋಧಿಯಂಥ ಧಾನ್ಯದಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ತಿಂದ್ರೆ ದೇಹದ ರೋಗನಿರೋಧಕ ವ್ಯವಸ್ಥೆನೇ ಸಣ್ಣ ಕರುಳನ್ನ ಹಾಳು ಮಾಡೋ ಕಾಯಿಲೆ) ಇದೆ ಅಂತ ಯಾವತ್ತೂ ಹೇಳಲ್ಲ, ಇಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳತ್ತೆ. ಇದು ಗೊತ್ತಿದ್ದು ದುಡ್ಡು ಕಟ್ಟಿದ್ರೆ ಒಳ್ಳೇ ಟೆಸ್ಟು, ಗೊತ್ತಿಲ್ದೆ ಕಟ್ಟಿದ್ರೆ ರಿಪೋರ್ಟ್ ಬಂದ ದಿನ ತಲೆ ಇನ್ನೂ ಜಾಸ್ತಿ ಕೆಡತ್ತೆ.

ನನ್ನ ಕೇಸ್ ಏನಂದ್ರೆ ರಕ್ತದಲ್ಲಿ ಟಿಟಿಜಿ-ಐಜಿಎ (ಸೀಲಿಯಾಕ್ ಇದ್ರೆ ಏರೋ ಆ್ಯಂಟಿಬಾಡಿ) ಲಿಮಿಟ್‌ಗಿಂತ ಒಂಚೂರು ಮೇಲಿತ್ತು, ಎಂಡೋಸ್ಕೋಪಿ ಮಾಡಿ ಬಯಾಪ್ಸಿ ತೆಗೆದ್ರೆ ಮಾರ್ಷ್ 1 ಅಂತ ಬಂತು, ಅಂದ್ರೆ ಸಣ್ಣ ಕರುಳಿನ ಒಳಪದರದಲ್ಲಿ ಲಿಂಫೋಸೈಟ್ಸ್ ಅನ್ನೋ ಬಿಳಿ ರಕ್ತಕಣಗಳು ಜಾಸ್ತಿ ಸೇರ್ಕೊಂಡಿವೆ ಆದ್ರೆ ವಿಲ್ಲೈ (ಆಹಾರ ಹೀರ್ಕೊಳ್ಳೋ ಬೆರಳಿನಂಥ ಸಣ್ಣ ಎಳೆಗಳು) ಇನ್ನೂ ಸವೆದಿಲ್ಲ. ಡಾಕ್ಟ್ರು ಇರಬಹುದು, ಇಲ್ದೇನೂ ಇರಬಹುದು ಅಂದ್ರು. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ. ಆದ್ರೆ ಅವರನ್ನ ಬೈಯೋ ಹಾಗೂ ಇಲ್ಲ ಬಿಡಿ, ಮಾರ್ಷ್ 1 ಅನ್ನೋದು ಹೊಟ್ಟೇಲಿ ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದ್ರೂ ಬರತ್ತೆ, ಐಬುಪ್ರೊಫೇನ್ ತರದ ನೋವಿನ ಮಾತ್ರೆ ದಿನಾ ನುಂಗ್ತಿದ್ರೂ ಬರತ್ತೆ, ಕ್ರೋನ್ಸ್ ಕಾಯಿಲೇಲೂ ಬರತ್ತೆ. ಟಿಟಿಜಿ ಸ್ವಲ್ಪ ಏರಿರೋದೂ ಅಷ್ಟೇ, ಲಿವರ್ ತೊಂದ್ರೆ ಇರೋರಲ್ಲಿ, ಟೈಪ್ 1 ಡಯಾಬಿಟಿಸ್ ಇರೋರಲ್ಲಿ ಸೀಲಿಯಾಕ್ ಇಲ್ದೇನೂ ಕಾಣಿಸ್ಕೊಳ್ಳತ್ತೆ. ಹಿಂಗೆ ಎರಡೂ ಕಡೆ ಅರೆಬರೆ ಆದಾಗ ಮುಂದೇನು ಅಂತ ಕೇಳಿದ್ದಕ್ಕೆ ಜೀನ್ ಟೆಸ್ಟ್ ಮಾಡ್ಸಿ ನೋಡೋಣ ಅಂದ್ರು, ಮಾಡ್ಸಿದೆ.

ಟೆಸ್ಟ್ ಮಾಡಿಸ್ಕೊಳ್ಳೋದೇನೂ ಕಷ್ಟ ಇಲ್ಲ. ಕೆನ್ನೆ ಒಳಗಡೆ ಸ್ವಾಬ್ ಉಜ್ಜಿ ಟ್ಯೂಬಿಗೆ ಹಾಕಿ ಕಳ್ಸೋದು, ಕೆಲವು ಕಡೆ ರಕ್ತದಲ್ಲೇ ಮಾಡ್ತಾರೆ. ಉಪವಾಸ ಬೇಡ. ಇದರ ದೊಡ್ಡ ಪ್ಲಸ್ ಪಾಯಿಂಟ್ ಅಂದ್ರೆ ನೀವು ಗ್ಲುಟೆನ್ ತಿಂತಿದೀರೋ ಬಿಟ್ಟಿದೀರೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ, ಜೀನು ಊಟ ನೋಡಿ ಬದಲಾಗಲ್ವಲ್ಲ, ಜೀವನದಲ್ಲಿ ಒಂದು ಸಲ ಮಾಡ್ಸಿದ್ರೆ ಮುಗೀತು. ಉಳಿದ ಟೆಸ್ಟೆಲ್ಲ ಹಂಗಲ್ಲ. ಗ್ಲುಟೆನ್ ಬಿಟ್ಟು ಕೆಲವು ತಿಂಗಳು ಆದ್ರೆ ಟಿಟಿಜಿ ಇಳಿಯತ್ತೆ, ಕರುಳೂ ವಾಸಿ ಆಗ್ತಾ ಬರತ್ತೆ, ಆಮೇಲೆ ಎಷ್ಟು ಟೆಸ್ಟ್ ಮಾಡ್ಸಿದ್ರೂ ಕಾಯಿಲೆ ಇದ್ರೂ ನಾರ್ಮಲ್ ಅಂತ ಬರಬಹುದು.

ಅದಕ್ಕೇ "ಸುಮ್ನೆ ಗ್ಲುಟೆನ್ ಬಿಟ್ಟು ನೋಡು, ಆರಾಮಾದ್ರೆ ಅದೇ ಅಂತ ಅರ್ಥ" ಅನ್ನೋ ಸಲಹೆ ನನಗೆ ಎಲ್ಲರಿಂದ್ಲೂ ಬಂದ್ರೂ ನಾನು ಕೇಳ್ಲಿಲ್ಲ. ಗೋಧಿ ಬಿಟ್ರೆ ಗ್ಲುಟೆನ್ ಜೊತೆ ಫ್ರಕ್ಟಾನ್ ಅನ್ನೋ ಕಾರ್ಬೋಹೈಡ್ರೇಟೂ ಕಮ್ಮಿ ಆಗತ್ತೆ, ಹೊಟ್ಟೆ ಉಬ್ಬರ ಇರೋ ಎಷ್ಟೋ ಜನಕ್ಕೆ ತೊಂದ್ರೆ ಕೊಡೋದು ಅದೇ. ಆರಾಮಾದ್ರೂ ಯಾವುದ್ರಿಂದ ಅಂತ ಗೊತ್ತಾಗಲ್ಲ. ಬಿಟ್ಟ ಮೇಲೆ ಸರಿಯಾಗಿ ಡಯಾಗ್ನೋಸಿಸ್ ಬೇಕು ಅಂದ್ರೆ ಮತ್ತೆ ಗ್ಲುಟೆನ್ ಚಾಲೆಂಜ್ ಅಂತ ಮಾಡ್ಬೇಕು, ದಿನಕ್ಕೆ ಕಮ್ಮಿ ಅಂದ್ರೂ 3 ಗ್ರಾಂ ಗ್ಲುಟೆನ್, ಅಂದ್ರೆ ಒಂದೆರಡು ಸ್ಲೈಸ್ ಬ್ರೆಡ್ಡಿನಷ್ಟು, ಕನಿಷ್ಠ 2 ವಾರ, ತಡ್ಕೊಳ್ಳೋಕೆ ಆದ್ರೆ 8 ವಾರದ ತನಕ. ಬಿಟ್ಟು ಆರಾಮಾಗಿರೋ ಮನುಷ್ಯನಿಗೆ ಮತ್ತೆ ತಿಂದು ಹುಷಾರು ತಪ್ಪಿಸ್ಕೋ ಅಂದ್ರೆ ಯಾರು ಒಪ್ತಾರೆ ಹೇಳಿ.

ಸರಿ, ರಿಪೋರ್ಟಿಗೆ ಬರೋಣ. ಸೀಲಿಯಾಕ್ ಇರೋ ಹತ್ರತ್ರ ಎಲ್ಲರಲ್ಲೂ ಎಚ್‌ಎಲ್‌ಎ ಗುಂಪಿನ ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ ಇರತ್ತೆ, ಇವೆರಡೂ ಇಲ್ಲ ಅಂದ್ರೆ ಸೀಲಿಯಾಕ್ ಅಲ್ಲ ಅಂತ 99 ಪರ್ಸೆಂಟಿಗಿಂತ ಜಾಸ್ತಿ ಭರವಸೇಲಿ ಹೇಳಬಹುದು. ಈ ವಿಷಯದಲ್ಲಿ ಟೆಸ್ಟಿಗೆ ಫುಲ್ ಮಾರ್ಕ್ಸ್. ಆದ್ರೆ ನನಗೆ ಡಿಕ್ಯೂ2 ಪಾಸಿಟಿವ್ ಬಂತು, ಅಂದ್ರೆ ಎಲ್ಲಿದ್ನೋ ಅಲ್ಲೇ. ಸುಮಾರು 30ರಿಂದ 40 ಪರ್ಸೆಂಟ್ ಜನರಲ್ಲಿ ಈ ಜೀನ್‌ಗಳು ಇರ್ತವೆ ಅಂತಾರೆ, ಅವರಲ್ಲಿ ಕಾಯಿಲೆ ಬರೋದು ನೂರಕ್ಕೆ ಮೂರು ಜನಕ್ಕೆ ಇರಬಹುದು ಅಷ್ಟೇ. ಲ್ಯಾಬಿನವರು ಇದನ್ನ ಒಂದು ಲೈನಲ್ಲಿ ಬರೆದಿದ್ರೆ ನನ್ನ ತಕರಾರೇ ಇರ್ತಿರ್ಲಿಲ್ಲ. ಅವರು ಕೆಂಪು ಬಣ್ಣದಲ್ಲಿ ದಪ್ಪಕ್ಷರದಲ್ಲಿ "ಹೈ ರಿಸ್ಕ್" ಅಂತ ಹಾಕಿ ಕಳ್ಸಿದಾರೆ, ಯಾವ ಅಲೀಲ್ (ಅಂದ್ರೆ ಜೀನಿನ ಯಾವ ರೂಪ), ಒಂದು ಕಾಪಿನೋ ಎರಡು ಕಾಪಿನೋ ಏನೂ ಇಲ್ಲ. ಎರಡು ಕಾಪಿ ಇದ್ರೆ ರಿಸ್ಕ್ ನಿಜವಾಗ್ಲೂ ಜಾಸ್ತಿ, ಹಂಗಾಗಿ ಅದು ಸಣ್ಣ ವಿಷಯ ಅಲ್ಲ. ಫೋನ್ ಮಾಡಿ ಕೇಳಿದ್ಮೇಲೆ ಡೀಟೇಲ್ಡ್ ಶೀಟ್ ಮೇಲ್ ಮಾಡಿದ್ರು (ಇದನ್ನ ಮೊದ್ಲೇ ಕೊಡೋಕೆ ಏನು ರೋಗ). ಅದೇ ಕಾಲ್‌ನಲ್ಲೇ ಐಜಿಜಿ (ಇನ್ನೊಂದು ತರದ ಆ್ಯಂಟಿಬಾಡಿ) ಫುಡ್ ಇಂಟಾಲರೆನ್ಸ್ ಪ್ಯಾಕೇಜ್ ತಗೊಳ್ಳಿ, ಆಫರ್ ಇದೆ ಅಂತ ಶುರು ಹಚ್ಕೊಂಡ್ರು. ದಯವಿಟ್ಟು ಅದಕ್ಕೆ ದುಡ್ಡು ಹಾಕ್ಬೇಡಿ, ಆ ಐಜಿಜಿ ನಾವು ಏನು ತಿಂತೀವಿ ಅನ್ನೋದ್ರ ಗುರುತೇ ಹೊರತು ಕಾಯಿಲೆ ಗುರುತಲ್ಲ, ಸೀಲಿಯಾಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಒಂದೂವರೆ ಸ್ಟಾರ್ ಕಟ್ ಮಾಡಿರೋದು ಈ ಎರಡಕ್ಕೇ.

ಈ ಟೆಸ್ಟು ಯಾರಿಗೆ ಒಳ್ಳೇದು ಅಂದ್ರೆ, ಆಗ್ಲೇ ಗ್ಲುಟೆನ್ ಬಿಟ್ಟು ಕೂತಿರೋರಿಗೆ, ಅವರಿಗೆ ನೆಗೆಟಿವ್ ಬಂದ್ರೆ ಚಾಲೆಂಜ್ ಗೋಳೇ ಇಲ್ಲ. ಆಮೇಲೆ ಮನೇಲಿ ಅಪ್ಪ ಅಮ್ಮ ಅಣ್ಣ ತಂಗಿ ಯಾರಿಗಾದ್ರೂ ಸೀಲಿಯಾಕ್ ಇದ್ದು ಪದೇ ಪದೇ ರಕ್ತ ಚೆಕ್ ಮಾಡಿಸ್ತಾ ಇರೋರಿಗೆ. ಇನ್ನೊಂದು, ವಿಲ್ಲೈ ಸವೆದಿವೆ ಆದ್ರೆ ರಕ್ತದ ಟೆಸ್ಟ್ ನೆಗೆಟಿವ್ ಅನ್ನೋರಿಗೆ. ಅಂಥವರಿಗೆ ಜೀನೂ ನೆಗೆಟಿವ್ ಬಂದ್ರೆ ಕಾರಣ ಬೇರೆ ಕಡೆ ಹುಡುಕ್ಬೇಕು, ಜಿಯಾರ್ಡಿಯಾ ಅನ್ನೋ ಕರುಳಿನ ಪರಾವಲಂಬಿ ಇರಬಹುದು, ಬಿಪಿಗೆ ಕೊಡೋ ಓಲ್ಮೆಸಾರ್ಟನ್ ಮಾತ್ರೆಯಿಂದ್ಲೂ ಕರುಳು ಸೇಮ್ ಹಿಂಗೇ ಆಗಬಹುದು.

ನನ್ನಂಥವರಿಗೆ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬೇರೇದು, ಬಯಾಪ್ಸಿ ಸ್ಲೈಡ್‌ಗಳನ್ನ ಇನ್ನೊಬ್ಬ ಪ್ಯಾಥಾಲಜಿಸ್ಟ್ ಹತ್ರ ಮತ್ತೆ ಓದಿಸೋದು. ಇದಕ್ಕೆ ಕಣ್ಮುಚ್ಕೊಂಡು 5ಕ್ಕೆ 5. ಸ್ಲೈಡು, ಬ್ಲಾಕು (ಮೇಣದಲ್ಲಿ ಕೂರಿಸಿರೋ ಪೀಸ್) ಎರಡನ್ನೂ ಲ್ಯಾಬಲ್ಲಿ ಎತ್ತಿಟ್ಟಿರ್ತಾರೆ, ಕೇಳಿದ್ರೆ ಕೊಡ್ತಾರೆ, ಹೊಸದಾಗಿ ಪೈಪ್ ನುಂಗೋ ಅಗತ್ಯ ಇಲ್ಲ. ನನ್ನ ಸ್ಲೈಡ್ ನೋಡಿದವರು ಪೀಸ್‌ಗಳೇ ಕಮ್ಮಿ ಇವೆ, ಇರೋದನ್ನೂ ಓರೆಯಾಗಿ ಕತ್ತರಿಸಿದಾರೆ, ಇದ್ರಲ್ಲಿ ವಿಲ್ಲೈ ಎತ್ತರ ಹೇಳೋಕೇ ಆಗಲ್ಲ ಅಂತ ಬರ್ದು ಕೊಟ್ರು. ಡ್ಯುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಅನ್ನೋದರ ಎರಡನೇ ಭಾಗದಿಂದ ಕನಿಷ್ಠ 4 ಪೀಸ್, ಶುರುವಿನ ಬಲ್ಬ್ ಅನ್ನೋ ಜಾಗದಿಂದ ಒಂದೋ ಎರಡೋ ತೆಗೀಬೇಕು ಅನ್ನೋದು ರೂಲು, ಯಾಕಂದ್ರೆ ಈ ಕಾಯಿಲೆ ಕರುಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇರಬಹುದು. ಅಂದ್ರೆ ನನ್ನ ಮಾರ್ಷ್ 1 ಅನ್ನೋದು ಪೂರ್ತಿ ಉತ್ತರನೇ ಅಲ್ಲ. ಇದು ಗೊತ್ತಾಗಿದ್ದೇ ಅರ್ಧ ಸಮಾಧಾನ.

ಆಮೇಲೆ ನಿಮ್ಮ ಹಳೇ ರಿಪೋರ್ಟ್ ತೆಗ್ದು ಟೋಟಲ್ ಐಜಿಎ (ರಕ್ತದಲ್ಲಿ ಐಜಿಎ ಅನ್ನೋ ಆ್ಯಂಟಿಬಾಡಿ ಒಟ್ಟು ಎಷ್ಟಿದೆ ಅನ್ನೋ ಟೆಸ್ಟ್) ಮಾಡಿದಾರಾ ನೋಡ್ಕೊಳ್ಳಿ. ಸೀಲಿಯಾಕ್ ಇರೋರಲ್ಲಿ 2-3 ಪರ್ಸೆಂಟ್ ಜನಕ್ಕೆ ಐಜಿಎ ಉತ್ಪತ್ತಿನೇ ಆಗಲ್ಲ, ಅವರಿಗೆ ಟಿಟಿಜಿ-ಐಜಿಎ ನೆಗೆಟಿವ್ ಬಂದ್ರೆ ಅದಕ್ಕೆ ಬೆಲೆನೇ ಇಲ್ಲ, ಐಜಿಜಿ ಆಧಾರದ ಟಿಟಿಜಿ ಇಲ್ಲಾ ಡಿಜಿಪಿ ಅನ್ನೋ ಇನ್ನೊಂದು ಆ್ಯಂಟಿಬಾಡಿ ಟೆಸ್ಟ್ ಮಾಡಿಸ್ಬೇಕು (ಇದು ಮೇಲೆ ಬೈದ ಫುಡ್ ಪ್ಯಾಕೇಜ್ ಐಜಿಜಿ ಅಲ್ಲ, ಕನ್ಫ್ಯೂಸ್ ಆಗ್ಬೇಡಿ). ಸ್ಟೆರಾಯ್ಡ್ ತಗೋತಿದ್ರೂ ಡಾಕ್ಟ್ರಿಗೆ ಹೇಳಿ, ಅದೂ ರಿಸಲ್ಟ್ ಮುಚ್ಚಿ ಹಾಕತ್ತೆ. ಮಕ್ಕಳ ವಿಷಯ ಸ್ವಲ್ಪ ಬೇರೆ, ಟಿಟಿಜಿ ಲಿಮಿಟ್‌ನ 10 ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದು ಇನ್ನೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಅನ್ನೋ ಮತ್ತೊಂದು ಸೀಲಿಯಾಕ್ ಆ್ಯಂಟಿಬಾಡಿನೂ ಪಾಸಿಟಿವ್ ಬಂದ್ರೆ ಬಯಾಪ್ಸಿ ಇಲ್ದೇನೇ ಡಯಾಗ್ನೋಸಿಸ್ ಮಾಡಬಹುದು ಅಂತ ಯುರೋಪಿನ ಮಕ್ಕಳ ಗ್ಯಾಸ್ಟ್ರೋ ಡಾಕ್ಟ್ರುಗಳ ಸಂಘದ 2020ರ ಗೈಡ್‌ಲೈನಲ್ಲಿದೆ.

ಡಾಕ್ಟ್ರ ಜೊತೆ ಕೂತು ಮಾತಾಡಿ ಸದ್ಯಕ್ಕೆ ಏನು ಡಿಸೈಡ್ ಮಾಡಿದೀವಿ ಅಂದ್ರೆ, ಗ್ಲುಟೆನ್ ತಿನ್ನೋದು ಹಂಗೇ ಮುಂದುವರಿಸೋದು, ನೋವಿನ ಮಾತ್ರೆ ನಿಲ್ಲಿಸೋದು, ಎಚ್ ಪೈಲೋರಿ ಚೆಕ್ ಮಾಡ್ಸೋದು, 6 ತಿಂಗಳಾದ ಮೇಲೆ ಟಿಟಿಜಿ ಜೊತೆ ಇಎಂಎ, ಐರನ್, ವಿಟಮಿನ್ ಡಿ ನೋಡೋದು. ಟಿಟಿಜಿ ಏರಿದ್ರೆ ಅಥವಾ ಇಎಂಎ ಪಾಸಿಟಿವ್ ಆದ್ರೆ ಮತ್ತೆ ಎಂಡೋಸ್ಕೋಪಿ, ಈ ಸಲ ಎಷ್ಟು ಪೀಸ್ ತೆಗೀತೀರಾ ಅಂತ ಮೊದ್ಲೇ ಕೇಳ್ತೀನಿ. ತೂಕ ಇಳೀತಿದೆ, ರಕ್ತ ತುಂಬಾ ಕಮ್ಮಿ ಆಗಿದೆ, ಭೇದಿ ನಿಲ್ತಿಲ್ಲ ಅನ್ನೋರು ಮಾತ್ರ ನನ್ ತರ ಕಾಯ್ತಾ ಕೂರ್ಬೇಡಿ, ಎಂಡೋಸ್ಕೋಪಿ ಬೇಗ ಮಾಡಿಸಿ ಅಂತ ನೀವೇ ಒತ್ತಾಯ ಮಾಡಿ.

ಇಎಂಎ ರಿಪೋರ್ಟ್ ಬಂದ್ಮೇಲೆ ಇದರ ಕೆಳಗೇ ಅಪ್‌ಡೇಟ್ ಹಾಕ್ತೀನಿ. ಅಲ್ಲೀವರೆಗೂ ಜೀನ್ ಟೆಸ್ಟ್ ಬುಕ್ ಮಾಡೋರು ಅಲೀಲ್ ಡೀಟೇಲ್ಸ್ ರಿಪೋರ್ಟಲ್ಲೇ ಬರತ್ತಾ ಅಂತ ದುಡ್ಡು ಕಟ್ಟೋಕ್ ಮುಂಚೆ ಕೇಳ್ಕೊಳ್ಳಿ.