ಪೇಸ್ಟ್, ಲೋಕಲ್ ಪ್ಯಾಕಿಂಗ್, ಸ್ಟೀಲ್ ಗ್ಯಾಸ್ಕೆಟ್: ಟರ್ಬೊ ಗಾಡಿಯ ಎಕ್ಸಾಸ್ಟ್ ಲೀಕಿಗೆ ಮೂರು ಸಲ ರಿಪೇರಿ

ಮೊದಲೇ ಹೇಳಿಬಿಡುತ್ತೇನೆ. ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಸೇರಿಸಿ ಟರ್ಬೊಗೆ ಒಯ್ಯುವ ಕೊಳವೆ) ಬಿಚ್ಚಿ, ಫೇಸಿಂಗ್ ಹೊಡೆಸಿ, ಅಂದರೆ ಅದರ ಮುಖ ಮಟ್ಟಸ ಮಾಡಿಸಿ, ಅದನ್ನು ಹಿಡಿದಿಡುವ ಸ್ಟಡ್ಡುಗಳನ್ನೆಲ್ಲಾ (ನಟ್ಟು ಕೂರುವ ತಿರುಪಿನ ಸರಳು) ಹೊಸದಾಗಿ ಹಾಕಿ, ಸಂದು ಮುಚ್ಚುವ ಸ್ಟೀಲ್ ಗ್ಯಾಸ್ಕೆಟ್ ಕೂರಿಸಿದ್ದೇ ನನಗೆ ಸರಿ ಬಂದದ್ದು. ಅದಕ್ಕೂ ಮುಂಚೆ ಎರಡು ಸಲ ಅಗ್ಗದ ದಾರಿ ಹಿಡಿದು ಕೈ ಸುಟ್ಟುಕೊಂಡೆ. ಅದರಲ್ಲೊಂದು ಸಲ ನಿಜವಾಗಿಯೂ ಸುಟ್ಟುಕೊಂಡೆ. ಬಲಗೈ ಹೆಬ್ಬೆರಳ ಬುಡದಲ್ಲಿ ಗುರುತು ಇನ್ನೂ ಇದೆ.

ನನ್ನದು 11 ವರ್ಷ ಹಳೆಯ ಟರ್ಬೊ ಡೀಸೆಲ್ ಜೀಪು, ನಾಲ್ಕು ಸಿಲಿಂಡರ್. ಮೂಡಿಗೆರೆ ಕಡೆ ತೋಟ. ವಾರಕ್ಕೆರಡು ಸಲ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿ ಬರುವುದು ಇದ್ದೇ ಇದೆ. ಕಳೆದ ವರ್ಷಕ್ಕೂ ಹಿಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹೊಲಿಗೆ ಮಿಷನ್ ತುಳಿದ ಹಾಗೆ ಟಕ್ ಟಕ್ ಟಕ್ ಶಬ್ದ. ಹತ್ತು ನಿಮಿಷ ಓಡಿದರೆ ಮಾಯ. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ ಎಂದು ಆಗ ಗೊತ್ತಿರಲಿಲ್ಲ. ತಾನೇ ಸರಿಹೋಯ್ತು ಅಂತ ಸುಮ್ಮನಿದ್ದೆ.

ಆಮೇಲೆ ಘಾಟಿಯಲ್ಲಿ ಪಿಕಪ್ ಹೋಯಿತು. ಮೂರನೇ ಗೇರಿನಲ್ಲಿ ಆರಾಮಾಗಿ ಏರುತ್ತಿದ್ದ ತಿರುವುಗಳಿಗೆ ಎರಡನೇ ಗೇರು ಬೇಕಾಯಿತು. ಹಿಂದೆ ಕರಿ ಹೊಗೆ. ಮೈಲೇಜು 13ರಿಂದ 11ಕ್ಕೆ ಇಳಿಯಿತು. ಒಂದು ವರ್ಕ್‌ಶಾಪಿನವರು ಬಾನೆಟ್ ಎತ್ತಿದವರೇ "ಟರ್ಬೊ ಹೋಗಿದೆ ಸಾರ್" ಅಂದರು. 28,000 ರೂಪಾಯಿ ಎಸ್ಟಿಮೇಟ್ ಕೈಗಿಟ್ಟರು. ಟರ್ಬೊಗೆ ಏನೂ ಆಗಿರಲಿಲ್ಲ. ಅದನ್ನು ತಿರುಗಿಸಬೇಕಾದ ಹೊಗೆಯೇ ದಾರಿಯಲ್ಲಿ ಸೋರಿಹೋಗುತ್ತಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಟರ್ಬೊ ದಾಟಿದ ಮೇಲೆ, ಅಂದರೆ ಸೈಲೆನ್ಸರ್ ಕಡೆ ಲೀಕ್ ಇದ್ದರೆ ಶಬ್ದ ಮತ್ತು ವಾಸನೆ ಅಷ್ಟೇ. ಟರ್ಬೊಗೆ ಮುಂಚೆ, ಅಂದರೆ ಇಂಜಿನ್ನಿಗೂ ಟರ್ಬೊಗೂ ನಡುವೆ ಲೀಕ್ ಇದ್ದರೆ ಶಕ್ತಿಯೂ ಹೋಗುತ್ತದೆ. ಟರ್ಬೊದ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವುದು ಈ ಹೊಗೆಯ ಒತ್ತಡದಿಂದಲೇ. ಹೊಗೆ ಸೋರಿದರೆ ಟರ್ಬೊ ಇಂಜಿನ್ನಿಗೆ ತಳ್ಳುವ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಕರಿ ಹೊಗೆ ಬರುವುದು ಅದಕ್ಕೇ.

ಲೀಕ್ ಹುಡುಕಲು ನನಗೆ ಖರ್ಚೇ ಆಗಲಿಲ್ಲ. ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಕಣದ ಎಲೆ ಊದುವ ಬ್ಲೋವರನ್ನು ಸೈಲೆನ್ಸರ್ ಬಾಯಿಗೆ ಹಳೇ ಬಟ್ಟೆ ಸುತ್ತಿ ಹಿಡಿದೆ. ಮಗ ಸೋಪು ನೀರು ಸಿಂಪಡಿಸಿದ. ನಾಲ್ಕನೇ ಸಿಲಿಂಡರ್ ಹತ್ತಿರ, ಮ್ಯಾನಿಫೋಲ್ಡ್ ಹೆಡ್ಡಿಗೆ (ಇಂಜಿನ್ನಿನ ಮೇಲ್ಭಾಗಕ್ಕೆ) ಕೂರುವ ಅಂಚಿನಲ್ಲಿ ನೊರೆ ಬುಸಬುಸ ಎದ್ದಿತು. ಟಾರ್ಚ್ ಬಿಟ್ಟು ನೋಡಿದರೆ ಅಲ್ಲೇ ಬೆರಳಗಲ ಮಸಿ.

ಮೊದಲ ಪ್ರಯತ್ನ ಸೈಲೆನ್ಸರ್ ಪೇಸ್ಟ್ ಮತ್ತು ಬ್ಯಾಂಡೇಜ್, ಅಂದರೆ ಲೀಕಿಗೆ ಮೆತ್ತುವ ಲೇಪ ಮತ್ತು ಪೈಪಿಗೆ ಸುತ್ತುವ ಪಟ್ಟಿ. ಎರಡಕ್ಕೂ ಸೇರಿ 630 ರೂಪಾಯಿ. ಹೆಬ್ಬೆರಳು ಸುಟ್ಟಿದ್ದೂ ಆಗಲೇ, ಪೇಸ್ಟ್ ಗಟ್ಟಿಯಾಯಿತೇ ಎಂದು ಮುಟ್ಟಿ ನೋಡಲು ಹೋಗಿ. ಮ್ಯಾನಿಫೋಲ್ಡಿನ ಅಂಚಿಗೆ ಬ್ಯಾಂಡೇಜ್ ಸುತ್ತಲು ಜಾಗವೇ ಇಲ್ಲ, ಹಾಗಾಗಿ ಬರೀ ಪೇಸ್ಟ್ ಮೆತ್ತಿದೆ. ಎರಡು ಸಲ ಘಾಟಿ ಹತ್ತಿ ಬರುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬಿತ್ತು. ಏರು ಹತ್ತುವಾಗ ಅಲ್ಲಿನ ಬಿಸಿ 600 ಡಿಗ್ರಿ ದಾಟುತ್ತದೆ, ಜೊತೆಗೆ ಪ್ರತಿ ಸಿಲಿಂಡರಿನ ಗುದ್ದು. ಹೊರಗಿಂದ ಮೆತ್ತಿದ್ದು ನಿಲ್ಲುವುದಾದರೂ ಹೇಗೆ? ಹಾಗೆ ನೋಡಿದರೆ ಹೊರಗೆ ಬಿದ್ದದ್ದೇ ಪುಣ್ಯ. ಒಳಗೆ ಸೇರಿದ ಚೂರು ಟರ್ಬೊದ ರೆಕ್ಕೆಗೆ ಬಡಿದರೆ ಆ 28,000ದ ಎಸ್ಟಿಮೇಟ್ ನಿಜವಾಗುತ್ತಿತ್ತು. ಸಿಲಿಕೋನ್ ಮತ್ತು ಎಪಾಕ್ಸಿ ಅಂಟಿನ ಮಾತು ಬೇಡವೇ ಬೇಡ.

ಎರಡನೆಯದು ಲೋಕಲ್ ಪ್ಯಾಕಿಂಗ್. ಪೇಟೆಯ ಅಂಗಡಿಯಾತ ಒಳಗೆ ತಂತಿ ಜಾಲರಿ ಇರುವ ಗ್ರಾಫೈಟ್ ಶೀಟನ್ನು ನಮ್ಮ ಮ್ಯಾನಿಫೋಲ್ಡಿನ ಮುಖದ ಮೇಲಿಟ್ಟು, ಉಂಡೆ ತಲೆಯ ಸುತ್ತಿಗೆಯಿಂದ ಅಂಚಿನ ಗುಂಟ ಟಕಟಕ ಬಡಿಯುತ್ತಾ ಹೋದ. ಐದು ನಿಮಿಷಕ್ಕೆ ತೂತುಗಳ ಸಮೇತ ಗ್ಯಾಸ್ಕೆಟ್ ತಯಾರು. ನೋಡಲು ಎಷ್ಟು ಚಂದ! (ಕೆಲವರು ಹಳೇ ಆಸ್ಬೆಸ್ಟಾಸ್ ಶೀಟ್ ಕೊಡುತ್ತಾರೆ, ಬೇಡ ಅನ್ನಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ.) ಶೀಟಿಗೆ 220, ಕೂಲಿ 900. ಹಳೇ ಸ್ಟಡ್, ಹಳೇ ನಟ್ಟುಗಳನ್ನೇ ತಿರುಗಿ ಹಾಕಿದರು. ಕೊನೆಯ ನಟ್ಟಿಗೆ ಬಂದಾಗ ಹುಡುಗ "ಇನ್ನೊಂದ್ ಸುತ್ತು ಇರ್ಲಿ" ಅಂತ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದ. ಆ ಒಂದು ಸುತ್ತಿನ ಕಥೆ ಮುಂದಿದೆ.

ಏಳು ವಾರ ಚೆನ್ನಾಗಿಯೇ ಓಡಿತು. ಆಮೇಲೆ ಮತ್ತೆ ಟಕ್ ಟಕ್. ಬಿಚ್ಚಿ ನೋಡಿದಾಗ ನಾಲ್ಕನೇ ತೂತಿನ ಪಕ್ಕದಲ್ಲಿ ಪ್ಯಾಕಿಂಗ್ ಸುಟ್ಟು ಕಾಲು ಇಂಚು ಕಾಣೆ. ಪೂರ್ತಿ ತಪ್ಪು ಪ್ಯಾಕಿಂಗಿನದು ಅನ್ನಲಾರೆ. ಮ್ಯಾನಿಫೋಲ್ಡೇ ಸೊಟ್ಟಗಾಗಿತ್ತು, ಮೊದಲ ಸಲ ಬಿಚ್ಚಿದಾಗ ಯಾರೂ ನೇರ ಪಟ್ಟಿ ಇಟ್ಟು ನೋಡಿರಲಿಲ್ಲ.

ಆ ಏಳು ವಾರ ಕಳೆದಾಗ ಜೋರು ಮಳೆ. ಕಿಟಕಿ ಮುಚ್ಚಿಕೊಂಡೇ ಓಡಾಟ. ಒಳಗೆ ಗಾಳಿ ಬರುವ ಕಿಂಡಿ ಇರುವುದು ಮುಂದಿನ ಗಾಜಿನ ಬುಡದಲ್ಲಿ, ಲೀಕಿನ ನೆತ್ತಿಯ ಮೇಲೆಯೇ. "ರೀ, ಸೀರೆಯೆಲ್ಲಾ ಹೊಗೆ ವಾಸನೆ, ತಲೆನೋವು ಬೇರೆ" ಅಂದಳು ನನ್ನ ಹೆಂಡತಿ. ವಾಸನೆಯನ್ನಾದರೂ ಮೂಗು ಹಿಡಿಯುತ್ತದೆ, ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ. ಇನ್ನು ಅಗ್ಗದ ದಾರಿ ಸಾಕು ಅಂತ ನಿರ್ಧಾರ ಮಾಡಿದ್ದು ಅವತ್ತೇ.

ಮೂರನೇ ಸಲ ಬಣಕಲ್ ಕಡೆಯ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಹೋದೆ. ಅವರು ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಏಳು ನಟ್ಟು ಬಂದವು. ಎಂಟನೆಯದು, ಪೈಪ್ ಹಾಕಿ ಎಳೆದಿದ್ದ ಅದೇ ಹಿಂದಿನದು, ಅರ್ಧ ಸುತ್ತು ತಿರುಗಿ ಮೆತ್ತಗಾಯಿತು. ಮೇಸ್ತ್ರಿ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಹೋಯ್ತು ಸಾರ್." ಸ್ಟಡ್ ಹೆಡ್ಡಿನ ಮಟ್ಟಕ್ಕೇ ತುಂಡಾಗಿತ್ತು. ಹಿಡಿಯಲು ತಿರುಪಿನ ಒಂದು ಎಳೆಯೂ ಹೊರಗಿಲ್ಲ.

ಈ ತುದಿಯ ಸ್ಟಡ್ಡುಗಳೇ ಯಾಕೆ ಮುರಿಯುತ್ತವೆ ಎಂದು ಅವರು ಟೀ ಕುಡಿಯುತ್ತಾ ಹೇಳಿದರು. ಮ್ಯಾನಿಫೋಲ್ಡ್ ಬೀಡುಕಬ್ಬಿಣದ್ದು. ಬಿಸಿಯಾದಾಗ ಉದ್ದಕ್ಕೆ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ: 40 ಸೆಂಟಿಮೀಟರ್ ಉದ್ದದ ಬೀಡು 600 ಡಿಗ್ರಿ ಬಿಸಿ ಏರಿದರೆ 2 ಮಿಲಿಮೀಟರಿಗಿಂತ ಜಾಸ್ತಿ ಬೆಳೆಯುತ್ತದೆ. ಅದಕ್ಕೇ ಅದರ ತೂತುಗಳನ್ನು ಸ್ಟಡ್ಡಿಗಿಂತ ಸಡಿಲ ಇಟ್ಟಿರುತ್ತಾರೆ. ನಟ್ಟನ್ನು ವಿಪರೀತ ಬಿಗಿದರೆ ಜಾರಲು ಆಗದೆ ತುದಿಯ ಸ್ಟಡ್ಡನ್ನೇ ಆಚೀಚೆ ಬಗ್ಗಿಸುತ್ತದೆ. ದಿನಾ ಬಗ್ಗಿಸಿದರೆ ತಂತಿ ಮುರಿಯುವುದಿಲ್ಲವೇ, ಹಾಗೆ.

ಮುರಿದ ತುಂಡು ತೆಗೆಯಲು ಡ್ರಿಲ್ ಹಾಕೋಣವೆಂದರೆ ಹಿಂದೆ ಫೈರ್‌ವಾಲ್ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ), ಅಂಗೈ ಹಿಡಿಯುವಷ್ಟೂ ಜಾಗವಿಲ್ಲ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಗಟ್ಟಿ ಉಕ್ಕು. ಡ್ರಿಲ್ ಬಿಟ್ ಸ್ವಲ್ಪ ಜಾರಿದರೂ ಮೆತ್ತಗಿನ ಹೆಡ್ಡಿನೊಳಗೇ ಹೋಗುತ್ತದೆ. ಮೇಸ್ತ್ರಿ ವೆಲ್ಡಿಂಗಿನವರನ್ನು ಕರೆಸಿದರು. ಬ್ಯಾಟರಿಯ ವೈರ್ ಬಿಚ್ಚಿಟ್ಟು, ತುಂಡಿನ ನೆತ್ತಿಯ ಮೇಲೆ ಒಂದು ನಟ್ಟು ಇಟ್ಟು ಅದರ ತೂತಿನೊಳಗೆ ವೆಲ್ಡ್ ತುಂಬಿಸಿದರು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಮ್ಮಿಗೆ ಹಿಡಿಯುವುದಿಲ್ಲ, ಸ್ಟಡ್ಡಿಗೆ ಮಾತ್ರ ಹಿಡಿಯುತ್ತದೆ. ಮೊದಲ ನಟ್ಟು ಸ್ಪ್ಯಾನರ್ ಹಾಕಿದ ಕೂಡಲೇ ಕಿತ್ತು ಬಂತು. ಎರಡನೆಯದೂ ಅಷ್ಟೇ. ನಾನು ಮನಸ್ಸಿನಲ್ಲೇ ಹೆಡ್ ಬಿಚ್ಚುವ ಖರ್ಚು ಲೆಕ್ಕ ಹಾಕುತ್ತಿದ್ದೆ.

ಮೂರನೇ ನಟ್ಟು ಕೆಂಪಗೆ ಇದ್ದಾಗ ಮುಟ್ಟಲಿಲ್ಲ. ಕೆಂಪು ಆರುವವರೆಗೆ ಕಾದು ಮೇಸ್ತ್ರಿ ಮೇಣದ ಬತ್ತಿಯ ತುದಿ ಒತ್ತಿದರು. ಚುಯ್ ಅಂತ ಮೇಣ ಕರಗಿ ಎಳೆಗಳ ಸಂದಿಗೆ ಇಳಿಯಿತು. ಆಮೇಲೆ ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದರು. ನಂತರ ಹಿಂದಕ್ಕೆ. ಮತ್ತೆ ಮುಂದಕ್ಕೆ. ಕೀಚ್ ಅನ್ನುವ ಒಂದು ಶಬ್ದ ಬಂತು ನೋಡಿ, ಅಷ್ಟು ಇಂಪಾದ ಶಬ್ದ ಆ ವರ್ಷ ನಾನು ಕೇಳಿಲ್ಲ. ಹನ್ನೊಂದಕ್ಕೆ ಶುರುವಾದದ್ದು ಸಂಜೆ ಐದಕ್ಕೆ ಮುಗಿಯಿತು, ಒಂದೇ ಒಂದು ಸ್ಟಡ್ಡಿಗೆ.

ಉಳಿದದ್ದು ಬೇಗ ಆಯಿತು. ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟಾಗ ತುದಿಯಲ್ಲಿ 0.35 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರಿತು. ಚಿಕ್ಕಮಗಳೂರಿನಲ್ಲಿ ಫೇಸಿಂಗ್ ಹೊಡೆಸಿದೆವು. ಹೊಸ ಸ್ಟಡ್, ತಾಮ್ರ ಲೇಪದ ನಟ್ಟು, ಎಳೆಗಳಿಗೆ ತುಕ್ಕು ಹಿಡಿಯದ ಗ್ರೀಸಿನಂಥ ಲೇಪ, ಪದರ ಪದರದ ಸ್ಟೀಲ್ ಗ್ಯಾಸ್ಕೆಟ್. ಸರ್ವಿಸ್ ಪುಸ್ತಕ ಹೇಳಿದ 25 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಎಂದು ತೋರಿಸುವ ಸ್ಪ್ಯಾನರ್), ನಡುವಿನಿಂದ ತುದಿಗಳ ಕಡೆಗೆ ಬಿಗಿದರು. ಟರ್ಬೊದ ಬಾಯಿಗೆ ಬಿಚ್ಚಿದ ಕ್ಷಣದಿಂದ ಬಟ್ಟೆ ತುರುಕಿಟ್ಟಿದ್ದರು. ಸ್ಟಾರ್ಟ್ ಮಾಡುವ ಮುಂಚೆ ಟರ್ಬೊಗೆ ಎಣ್ಣೆ ತುಂಬಿಸಿದರು, ಒಣಗಿದ ಬೇರಿಂಗ್ ತಿರುಗಬಾರದಲ್ವಾ.

ಖರ್ಚು: ಎರಡು ಗ್ಯಾಸ್ಕೆಟ್ 1,250, ಸ್ಟಡ್ ಮತ್ತು ನಟ್ಟು 960, ಫೇಸಿಂಗ್ 700, ಕೂಲಿ 3,500, ಆ ಮುರಿದ ಸ್ಟಡ್ಡಿಗೆ 1,200, ವಾಷರ್ ಮತ್ತು ಎಣ್ಣೆ 390. ಒಟ್ಟು 8,000. ಗ್ಯಾಸ್ಕೆಟ್ಟಿನ ಬೆಲೆಗೆ ಹೆದರಿ ಲೋಕಲ್ ಪ್ಯಾಕಿಂಗ್ ಹಾಕಿಸಿದವನು ನಾನು. ಆದರೆ ದುಡ್ಡು ಹೋದದ್ದು ಗ್ಯಾಸ್ಕೆಟ್ಟಿಗಲ್ಲ, ಬಿಚ್ಚುವುದಕ್ಕೆ. ಒಂದೇ ಸಲ ಬಿಚ್ಚಿದ್ದರೆ 1,120 ಉಳಿಯುತ್ತಿತ್ತು, ಬಹುಶಃ ಆ ಸ್ಟಡ್ಡೂ ಉಳಿಯುತ್ತಿತ್ತು.

ಗುಜರಿಯ ಹಳೇ ಮ್ಯಾನಿಫೋಲ್ಡ್ ಸಿಗುತ್ತಿತ್ತು. ಅದೂ ಅಷ್ಟೇ ಸೊಟ್ಟ ಇರುತ್ತದೆ, ಬಿಟ್ಟೆ. ನನ್ನದರಲ್ಲಿ ಬಿರುಕು ಇರಲಿಲ್ಲ. ಇದ್ದಿದ್ದರೆ ಬೀಡನ್ನು ಕಾಯಿಸಿ, ನಿಕ್ಕಲ್ ಕಡ್ಡಿಯಲ್ಲಿ ವೆಲ್ಡ್ ಮಾಡಿ, ಬೂದಿಯಲ್ಲಿ ಹೂತು ನಿಧಾನ ತಣಿಸಬೇಕು. ಅವಸರದಲ್ಲಿ ತಣಿಸಿದರೆ ಪಕ್ಕದಲ್ಲೇ ಹೊಸ ಬಿರುಕು.

ನನ್ನ ಲೆಕ್ಕ ನನ್ನದು. ಘಾಟಿ ಹತ್ತುವವನು, ಈ ಗಾಡಿಯನ್ನು ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವವನು. ಹಾಲಿನ ಡೈರಿ ತನಕ ಹೋಗಿ ಬರುವ ಗಾಡಿಯಾದರೆ, ಮುಖ ನೇರವಾಗಿದ್ದರೆ, ಲೋಕಲ್ ಪ್ಯಾಕಿಂಗ್ ಸಾಕಾಗಬಹುದು. ಆದರೂ ಸ್ಟಡ್ ಮಾತ್ರ ಹೊಸದು ಹಾಕಿಸಿ. ನನ್ನದಕ್ಕೆ ಈಗ 14 ತಿಂಗಳಾಯಿತು. ಮೈಲೇಜು ಮತ್ತೆ 13, ಘಾಟಿಯ ಮೇಲಿನ ಕೊಟ್ಟಿಗೆಹಾರದ ತನಕ ಮೂರನೇ ಗೇರು ಬಿಡುವುದು ಕಡಿಮೆ.

ಉಳಿದ ಅರ್ಧ ಡಬ್ಬಿ ಪೇಸ್ಟ್ ಮತ್ತು ಬಿಚ್ಚದ ಬ್ಯಾಂಡೇಜನ್ನು ಭಾವನ ಕಾರಿಗೆ ಕೊಟ್ಟೆ. ಅವರದ್ದು ಟರ್ಬೊ ದಾಟಿ ಎಷ್ಟೋ ಹಿಂದೆ, ಡಿಕ್ಕಿಯ ಕೆಳಗೆ ಸೈಲೆನ್ಸರ್ ಜಾಯಿಂಟಿನಲ್ಲಿ ಚಿಕ್ಕ ತೂತು. ಸುತ್ತಿ ಒಂದು ವರ್ಷವಾಯಿತು, ಕಲ್ಲಿನ ಹಾಗೆ ಕೂತಿದೆ. "ಇಷ್ಟು ಒಳ್ಳೇ ಸಾಮಾನಿಗೆ ಸುಮ್ನೆ ಬೈತೀಯಲ್ಲೋ" ಅಂತಾರೆ ಭಾವ.