ಲೈಸಿನ್ ಜೀನ್ ಹುಡುಕಲು ಕೆಗ್: ಹಸಿರು ಡಬ್ಬಿಯನ್ನು ಎಷ್ಟು ನಂಬಬಹುದು?

ಗಿಡಗಳು ಲೈಸಿನ್ ಹೇಗೆ ತಯಾರಿಸುತ್ತವೆ ಅನ್ನೋದು ನನ್ನ ಕೆಲಸದ ವಿಷಯ. ಅಕ್ಕಿ, ಗೋಧಿ, ಮೆಕ್ಕೆಜೋಳ ಮೂರರಲ್ಲೂ ಕಡಿಮೆ ಬೀಳುವ ಅಮೈನೊ ಆಮ್ಲ ಇದೇ ಅಲ್ವಾ? ಯಾವುದೇ ಗಿಡದಲ್ಲಿ ಇದರ ಜೀನ್ ಹುಡುಕಬೇಕಾದಾಗ ನಾನು ಮೊದಲು ತೆರೆಯುವುದು ಕೆಗ್. ಕ್ಯೋಟೊ ವಿಶ್ವವಿದ್ಯಾಲಯದ ಮಿನೊರು ಕನೆಹಿಸಾ 1995ರಲ್ಲಿ ಶುರು ಮಾಡಿದ ಡೇಟಾಬೇಸ್ ಇದು. ಜೀವಕೋಶದಲ್ಲಿ ಒಂದು ವಸ್ತು ಹಂತ ಹಂತವಾಗಿ ಇನ್ನೊಂದಾಗುವ ದಾರಿ ತೋರಿಸುವ ಇದರ ನಕ್ಷೆಗಳು ನನಗೆ ತುಂಬಾ ಇಷ್ಟ. ಅಲ್ಲಿ ಒಂದೊಂದು ಡಬ್ಬಿಯೂ ಒಂದು ಹಂತ ನಡೆಸುವ ಎಂಜೈಮ್.

ಲೈಸಿನ್ ನಕ್ಷೆಯ ಸಂಖ್ಯೆ 00300. ಅದನ್ನು ತೆರೆದು, ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಪುಟ್ಟ ಗಿಡ ಅರಬಿಡಾಪ್ಸಿಸ್ ಅನ್ನು ಆರಿಸಿ. ಯಾವ ಎಂಜೈಮ್‌ಗೆ ಆ ಗಿಡದಲ್ಲಿ ಜೀನ್ ಸಿಕ್ಕಿದೆಯೋ ಅದರ ಡಬ್ಬಿ ಹಸಿರಾಗುತ್ತದೆ. ಈಗ ನಡುಭಾಗ ನೋಡಿ. ಇ. ಕೋಲಿ ಬ್ಯಾಕ್ಟೀರಿಯಾ ಮೂರು ಎಂಜೈಮ್ ಬಳಸಿ ದಾಟುವ ಜಾಗವನ್ನು ಗಿಡ ಒಂದೇ ಎಂಜೈಮ್‌ನಿಂದ ದಾಟುತ್ತದೆ. ಆ ಡಬ್ಬಿಯ ಸಂಖ್ಯೆ 2.6.1.83. ಕ್ಲಿಕ್ ಮಾಡಿದರೆ ಎಜಿಡಿ2 ಜೀನ್ ಸಿಗುತ್ತದೆ, ಅದರ ಜೀನ್ ಸಂಖ್ಯೆ ಎಟಿ4ಜಿ33680. ಗಿಡಗಳ ಈ ಒಳದಾರಿ ಬೆಳಕಿಗೆ ಬಂದಿದ್ದು 2006ರಲ್ಲಿ. ಅಂಥ ಸಂಗತಿ ಒಂದೇ ನೋಟಕ್ಕೆ ಕಣ್ಣಿಗೆ ಬೀಳುತ್ತದಲ್ಲ, ಅದೇ ಕೆಗ್‌ನ ದೊಡ್ಡ ಗುಣ.

ಆದರೆ ಹಸಿರು ಬಣ್ಣ ಬರುವುದು ಹೆಚ್ಚಾಗಿ ಸೀಕ್ವೆನ್ಸ್ ಹೋಲಿಕೆಯಿಂದ, ಅಂದರೆ ಗೊತ್ತಿರುವ ಜೀನ್ ಜೊತೆ ಅಕ್ಷರಗಳ ಸರಣಿ ಹೋಲಿಸಿ ನೋಡುವುದರಿಂದ. ಅದು ಸುಳಿವು, ಪುರಾವೆ ಅಲ್ಲ. ಎಜಿಡಿ2ಗೆ ತುಂಬಾ ಹತ್ತಿರದ ಜೀನ್ ಒಂದಿದೆ, ಎಎಲ್‌ಡಿ1. ಹೋಲಿಕೆ ಮಾತ್ರ ನೋಡಿದರೆ ಎರಡೂ ಒಂದೇ ಕೆಲಸದವು ಅನ್ನಿಸುತ್ತದೆ. ಆದರೆ ಎಎಲ್‌ಡಿ1 ಲೈಸಿನ್ ತಯಾರಿಸುವುದಿಲ್ಲ. ತಯಾರಾದ ಲೈಸಿನ್ ತೆಗೆದುಕೊಂಡು, ರೋಗದ ವಿರುದ್ಧ ಬೇಕಾಗುವ ಪಿಪೆಕೊಲಿಕ್ ಆಮ್ಲದ ಕಡೆಗೆ ತಿರುಗಿಸುತ್ತದೆ. ಎಜಿಡಿ2 ಕೆಲಸ ಗಟ್ಟಿಯಾಗಿದ್ದು ಪ್ರಯೋಗದಿಂದಲೇ. ಈ ಹಂತದ ಜೀನ್ ಕೆಟ್ಟಿದ್ದ ಇ. ಕೋಲಿಗೆ ಅದನ್ನು ಸೇರಿಸಿದಾಗ ಬ್ಯಾಕ್ಟೀರಿಯಾ ಮತ್ತೆ ಬೆಳೆಯಿತು.

ಹಾಗಾಗಿ ಕೆಗ್‌ನಲ್ಲಿ ಸಿಕ್ಕ ಪ್ರತಿ ಅರಬಿಡಾಪ್ಸಿಸ್ ಜೀನ್ ಸಂಖ್ಯೆಯನ್ನೂ ನಾನು ಆ ಗಿಡಕ್ಕೇ ಮೀಸಲಾದ ಟೇರ್ ಡೇಟಾಬೇಸ್‌ಗೆ ಒಯ್ಯುತ್ತೇನೆ. ಅಲ್ಲಿ ಪುರಾವೆಯ ಗುರುತು ಇರುತ್ತದೆ. ಐಎಂಪಿ ಅಂದರೆ ಮ್ಯೂಟೆಂಟ್ ಗಿಡ, ಅಂದರೆ ಆ ಜೀನ್ ಬದಲಾದ ಗಿಡ ನೋಡಿ ಹೇಳಿದ್ದು. ಐಇಎ ಅಂದರೆ ಕಂಪ್ಯೂಟರ್ ಹಚ್ಚಿದ ಹಣೆಪಟ್ಟಿ, ಯಾರೂ ಕೂತು ಪರಿಶೀಲಿಸಿಲ್ಲ.

ಇನ್ನೊಂದು ಕೊರತೆ ನನ್ನನ್ನು ಜಾಸ್ತಿ ಕಾಡುತ್ತದೆ. ಗಿಡದಲ್ಲಿ ಲೈಸಿನ್ ತಯಾರಾಗುವುದು ಕ್ಲೋರೊಪ್ಲಾಸ್ಟ್ ಒಳಗೆ. ನಕ್ಷೆಯಲ್ಲಿ ಅದರ ಗೆರೆಯೇ ಇಲ್ಲ. ಲೈಸಿನ್ ಕಡೆಗೆ ತಿರುಗುವ ದಾರಿಯ ಮೊದಲ ಹಂತ ನಡೆಸುವ ಡಿಎಚ್‌ಡಿಪಿಎಸ್ ಎಂಜೈಮ್‌ಗೆ ಎರಡು ಜೀನ್ ಇವೆ, ಯಾವುದು ಯಾವ ಭಾಗದಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಅನ್ನೋದನ್ನೂ ನಕ್ಷೆ ಹೇಳುವುದಿಲ್ಲ. ಲೈಸಿನ್ ಜಾಸ್ತಿಯಾದರೆ ಇದೇ ಎಂಜೈಮ್ ನಿಲ್ಲುತ್ತದೆ, ಆದ್ದರಿಂದ ಲೈಸಿನ್ ಹೆಚ್ಚಿಸಲು ಹೊರಟವರಿಗೆ ಈ ವಿವರ ಬೇಕೇ ಬೇಕು.

ಭತ್ತದ ಮೇಲೆ ಕೆಲಸ ಮಾಡುವವರು ಒಂದು ಗಮನಿಸಿ. ಕೆಗ್‌ನಲ್ಲಿ ಭತ್ತಕ್ಕೆ ‘ಒಎಸ್‌ಎ’, ‘ಡಿಒಎಸ್‌ಎ’ ಅಂತ ಎರಡು ಕೋಡ್ ಇವೆ. ನಿಮ್ಮ ಹತ್ತಿರ ಇರುವುದು ರ‍್ಯಾಪ್ (ಭತ್ತದ ಜೀನ್ ಡೇಟಾಬೇಸ್) ಜೀನ್ ಸಂಖ್ಯೆಗಳಾದರೆ ಎರಡನೆಯದನ್ನು ಆರಿಸಿ.